ಟವರ್ ಲೈನ್ ಬರುತ್ತಿದೆ: ಏನು ಕೇಳಬೇಕು, ಯಾವಾಗ ಕೇಳಬೇಕು

ಪ್ರಶ್ನೆ: ನಮ್ಮ ಹೊಲದ ಮೇಲೆ 400 ಕಿಲೋವೋಲ್ಟ್ ಲೈನ್ ಹಾದುಹೋಗುತ್ತದೆಂದು ನೋಟಿಸ್ ಬಂದಿದೆ. ಸರ್ವೆಯವರು ಗೂಟ ನೆಟ್ಟು ಹೋಗಿದ್ದಾರೆ. ಸ್ವಲ್ಪ ಪಕ್ಕಕ್ಕೆ ಸರಿಸಿ ಎಂದು ಕೇಳಿದರೆ ಈಗ ಸಾಧ್ಯವಿಲ್ಲ ಎನ್ನುತ್ತಾರೆ. ನಿಜವೇ?

ಉತ್ತರ: ಅರ್ಧ ನಿಜ. ಲೈನಿನ ವಿಷಯದಲ್ಲಿ ಮೂರು ತೀರ್ಮಾನಗಳು ಒಂದರ ಹಿಂದೆ ಒಂದು ಆಗುತ್ತವೆ. ಲೈನ್ ಬೇಕೋ ಬೇಡವೋ ಎಂಬುದು ಮೊದಲನೆಯದು. ಬೇಕೆಂದಾದರೆ ಎರಡು ಉಪಕೇಂದ್ರಗಳ ನಡುವೆ ಅದು ಎಲ್ಲಿ ಹಾಯಬೇಕು ಎಂಬುದು ಎರಡನೆಯದು. ಆಗ ನಕ್ಷೆಯ ಮೇಲಿರುವುದು ಗೆರೆಯಲ್ಲ, ಅಗಲವಾದ ಪಟ್ಟಿ. ಅದೂ ಒಂದಲ್ಲ, ಎರಡು ಮೂರು. ಟವರಿನ ಕಾಲು ಯಾವ ಹೊಲದಲ್ಲಿ ಊರಬೇಕು ಎಂಬುದು ಮೂರನೆಯದು. ಗೂಟ ಹಿಡಿದು ಬರುವವರು ಈ ಮೂರನೆಯ ತೀರ್ಮಾನದವರು. ಮೊದಲೆರಡನ್ನು ಬದಲಿಸುವ ಅಧಿಕಾರ ಅವರಿಗಿಲ್ಲ. ಹೆಚ್ಚಿನ ಜನರಿಗೆ ಸುದ್ದಿ ಮುಟ್ಟುವುದೇ ಈ ಹಂತದಲ್ಲಿ ಎಂಬುದು ನನ್ನನ್ನು ವರ್ಷಗಳಿಂದ ಕಾಡುತ್ತಿರುವ ಸಂಗತಿ.

ಹಾಗೆಂದು ಕೈಚೆಲ್ಲಬೇಡಿ. ಲೈನನ್ನು ಪಕ್ಕಕ್ಕೆ ಎಳೆಯುವುದು ಕಷ್ಟ. ಆದರೆ ಟವರನ್ನು ಲೈನಿನ ಉದ್ದಕ್ಕೇ ಹಿಂದೆ ಮುಂದೆ ಸರಿಸುವುದು ಅಷ್ಟು ಕಷ್ಟವಲ್ಲ. ನೇರ ಸಾಲಿನ ಟವರ್ ತಂತಿಯ ಭಾರವನ್ನು ಹೊತ್ತು ಗಾಳಿಯನ್ನು ತಡೆದುಕೊಂಡರೆ ಸಾಕು. ತಿರುವಿನ ಟವರನ್ನು ತಂತಿಗಳೆಲ್ಲ ಸೇರಿ ಸದಾ ಒಂದು ಪಕ್ಕಕ್ಕೆ ಜಗ್ಗುತ್ತಿರುತ್ತವೆ. ಅದಕ್ಕೆ ಹೆಚ್ಚು ಉಕ್ಕು ಬೇಕು, ದೊಡ್ಡ ಅಡಿಪಾಯ ಬೇಕು. ನಿಮ್ಮ ಹೊಲವನ್ನು ಬಳಸಿ ಹೋಗಲು ಅಂಥ ಟವರ್ ಮೂರು ನಾಲ್ಕು ಬೇಕಾಗಬಹುದು, ಮತ್ತು ಬಳಸಿ ಹೋದ ಲೈನ್ ನೆರೆಯವರ ತಲೆಯ ಮೇಲೆ ಬರುತ್ತದೆ. ಉದ್ದಕ್ಕೆ ಸರಿಸುವ ಲೆಕ್ಕ ಹಾಗಲ್ಲ. ಈ ವೋಲ್ಟೇಜಿನಲ್ಲಿ ಎರಡು ಟವರುಗಳ ಅಂತರ ಸಾಮಾನ್ಯವಾಗಿ 300ರಿಂದ 400 ಮೀಟರ್. ನೆಲದ ಏರಿಳಿತ ಅಡ್ಡ ಬಾರದಿದ್ದರೆ ಅದರಲ್ಲಿ ಹತ್ತಿಪ್ಪತ್ತು ಮೀಟರ್ ಹೊಂದಿಸಬಹುದು. ಹೊಲದ ನಡುವೆ ನಿಲ್ಲಬೇಕಿದ್ದ ಟವರ್ ಬದುವಿಗೆ ಸರಿದರೆ ಉಳುಮೆಗೆ ಎಷ್ಟು ಅನುಕೂಲವೆಂದು ನಿಮಗೆ ಹೇಳಬೇಕಾಗಿಲ್ಲ. ಅದನ್ನೇ ಕೇಳಿ, ಲಿಖಿತವಾಗಿ ಕೇಳಿ. ಬಾವಿ, ನೆಲದಡಿಯ ಪೈಪು, ನೀರು ಹರಿಯುವ ದಿಕ್ಕು ಎಲ್ಲವನ್ನೂ ಗುರುತಿಸಿದ ಕೈನಕ್ಷೆಯನ್ನು ಜೊತೆಗಿಡಿ.

ಇನ್ನೊಂದು ಮಾತು. ಅನೇಕ ಸಲ ಟವರಿಗಿಂತ ಹೆಚ್ಚು ಹಾನಿ ಮಾಡುವುದು ಅಲ್ಲಿಗೆ ಯಂತ್ರಗಳು ಬರುವ ದಾರಿ. ಹಸಿ ನೆಲದ ಮೇಲೆ ಕ್ರೇನ್ ಹಾದರೆ ಮಣ್ಣು ಅಡಕಗೊಂಡು ಮುಂದಿನ ಹಲವು ಬೆಳೆಗಳಿಗೆ ಪೆಟ್ಟು ಬೀಳುತ್ತದೆ. ದಾರಿ ಎಲ್ಲಿ, ಕೆಲಸ ಯಾವ ಋತುವಿನಲ್ಲಿ, ಮೇಲ್ಮಣ್ಣನ್ನು ಬೇರೆಯಾಗಿ ತೆಗೆದಿಡುತ್ತಾರೆಯೇ ಎಂಬುದೆಲ್ಲ ಒಪ್ಪಂದದಲ್ಲಿ ಬರಬೇಕು. ಕೆಲಸ ಶುರುವಾಗುವ ಮೊದಲೇ ಹೊಲದ ಫೋಟೊ ತೆಗೆದು ದಿನಾಂಕ ಸಮೇತ ಇಟ್ಟುಕೊಳ್ಳಿ.

ಪ್ರಶ್ನೆ: ಈ ಲೈನ್ ನಿಜವಾಗಿ ಬೇಕೇ ಎಂಬುದನ್ನು ನಮ್ಮಂಥವರು ಪರೀಕ್ಷಿಸುವುದು ಹೇಗೆ? ಈಗಿರುವ ಲೈನಿನಲ್ಲಿ ಅರ್ಧ ಸಾಮರ್ಥ್ಯವೂ ಬಳಕೆಯಾಗುತ್ತಿಲ್ಲವಂತೆ.

ಉತ್ತರ: ಆ ವಾದ ಅಹವಾಲು ಸಭೆಯಲ್ಲಿ ನಿಲ್ಲುವುದಿಲ್ಲ. ಜಾಲದ ಯಾವುದೇ ಒಂದು ಲೈನ್ ಅಥವಾ ಟ್ರಾನ್ಸ್‌ಫಾರ್ಮರ್ ಕೈಕೊಟ್ಟರೂ ಉಳಿದವು ಅದರ ಹೊರೆಯನ್ನು ಹೊರಬೇಕು ಎಂಬುದು ಯೋಜಕರ ಮೂಲ ನಿಯಮ. ಖಾಲಿಯಾಗಿ ಕಾಣುವ ಅರ್ಧ ಅದಕ್ಕಾಗಿ ಕಾಯ್ದಿಟ್ಟದ್ದು.

ಉತ್ತರಿಸಲೇಬೇಕಾದ ಪ್ರಶ್ನೆಗಳು ಬೇರೆ ಇವೆ. ಬೇಡಿಕೆಯ ಅಂದಾಜು ಯಾವ ವರ್ಷದ್ದು? ಹಳೆಯ ಟವರುಗಳ ಮೇಲೆಯೇ ಹೊಸ ತಂತಿ ಹಾಕುವುದನ್ನು ಪರಿಶೀಲಿಸಿದ್ದೀರಾ? ಹೆಚ್ಚು ವಿದ್ಯುತ್ ಹರಿದಷ್ಟೂ ತಂತಿ ಬಿಸಿಯಾಗಿ ನೆಲದತ್ತ ಜೋಲುತ್ತದೆ. ಉಕ್ಕಿನ ತಿರುಳಿನ ಬದಲು ಕಾರ್ಬನ್ ನಾರಿನ ತಿರುಳಿರುವ ತಂತಿ ಬಿಸಿಯಾದಾಗ ಕಡಿಮೆ ಜೋಲುತ್ತದೆ. ಅನುಕೂಲವಾದ ಕಡೆ ಸಾಮರ್ಥ್ಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಗಾಳಿ ಬೀಸಿ ತಂತಿ ತಣ್ಣಗಾದಾಗ ಹೆಚ್ಚು ವಿದ್ಯುತ್ ಹರಿಸುವ ವ್ಯವಸ್ಥೆಗಳೂ ಇವೆ. ಬಹಳ ಉದ್ದದ ಲೈನುಗಳಿಗೆ ಮಾತ್ರ ಇದು ಮದ್ದಲ್ಲ. ಅಲ್ಲಿ ಮಿತಿ ಹಾಕುವುದು ತಂತಿಯ ಬಿಸಿಯಲ್ಲ, ಜಾಲದ ಸ್ಥಿರತೆ.

ಪ್ರಶ್ನೆ: ನಗರಗಳಲ್ಲಿ ಕೇಬಲ್ ನೆಲದಡಿ ಹೋಗುತ್ತದೆ. ಹಳ್ಳಿಗಳಿಗೆ ಮಾತ್ರ ಟವರ್ ಏಕೆ? ಇದು ಹಣ ಉಳಿಸುವ ಉಪಾಯವೆಂದು ನಮಗೆ ಗುಮಾನಿ.

ಉತ್ತರ: ಹಣದ ಲೆಕ್ಕ ಇದ್ದೇ ಇದೆ. ಈ ವೋಲ್ಟೇಜಿನಲ್ಲಿ ಭೂಗತ ಕೇಬಲ್ ಟವರ್ ಲೈನಿಗಿಂತ ಹಲವು ಪಟ್ಟು ದುಬಾರಿ. ಆದರೆ ಬರಿಯ ಹಣದಿಂದ ನೀಗದ ತೊಡಕೂ ಒಂದಿದೆ. ಟವರಿನ ಮೇಲಿನ ತಂತಿಗೆ ಸುತ್ತಲಿನ ಗಾಳಿಯೇ ನಿರೋಧಕ. ಕೇಬಲಿನಲ್ಲಿ ವಿದ್ಯುತ್ ಹರಿಯುವ ತಿರುಳಿಗೂ ಹೊರಗಿನ ಲೋಹದ ಕವಚಕ್ಕೂ ನಡುವೆ ಇರುವುದು ಕೆಲವೇ ಸೆಂಟಿಮೀಟರ್ ದಪ್ಪದ ಪದರ. ಹೀಗಾಗಿ ಇಡೀ ಕೇಬಲ್ ಒಂದು ಉದ್ದನೆಯ ಕೆಪಾಸಿಟರ್, ಅಂದರೆ ವಿದ್ಯುದಾವೇಶವನ್ನು ತುಂಬಿಟ್ಟುಕೊಳ್ಳುವ ಸಾಧನ, ಆಗಿಬಿಡುತ್ತದೆ. 50 ಹರ್ಟ್ಸ್ ಎ.ಸಿ. ವಿದ್ಯುತ್ ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುತ್ತದೆ, ಬದಲಿಸಿದಾಗಲೆಲ್ಲ ಆ ಕೆಪಾಸಿಟರನ್ನು ಬರಿದು ಮಾಡಿ ಮತ್ತೆ ತುಂಬಬೇಕು. ತುಂಬಲು ಹರಿಯುವ ಕರೆಂಟು ಯಾರ ಮನೆಯ ದೀಪವನ್ನೂ ಬೆಳಗಿಸುವುದಿಲ್ಲ, ಆದರೆ ಕೇಬಲಿನ ಸಾಮರ್ಥ್ಯವನ್ನು ನುಂಗುತ್ತದೆ. ಹತ್ತಾರು ಕಿಲೋಮೀಟರ್ ದಾಟಿದ ಮೇಲೆ ದಾರಿಯಲ್ಲಿ ರಿಯಾಕ್ಟರುಗಳನ್ನು, ಅಂದರೆ ಆ ಕರೆಂಟನ್ನು ಸರಿದೂಗಿಸುವ ದೊಡ್ಡ ತಂತಿ ಸುರುಳಿಗಳನ್ನು, ಕೂರಿಸದೆ ಗತ್ಯಂತರವಿಲ್ಲ. ಅವಕ್ಕೂ ಯಾರದೋ ಜಮೀನು ಬೇಕು. ನಗರದ ಕೇಬಲುಗಳು ಗಿಡ್ಡ, ಅಲ್ಲಿ ಈ ತೊಂದರೆ ಅಷ್ಟಾಗಿ ತಟ್ಟುವುದಿಲ್ಲ.

ಸದಾ ಒಂದೇ ದಿಕ್ಕಿಗೆ ಹರಿಯುವ ಡಿ.ಸಿ. ವಿದ್ಯುತ್ತಿಗೆ ಈ ಕಾಟವಿಲ್ಲ. ಪೂರ್ವ ಪಿರನೀಸ್ ಪರ್ವತಗಳನ್ನು ದಾಟಿ ಫ್ರಾನ್ಸ್ ಮತ್ತು ಸ್ಪೇನ್‌ಗಳನ್ನು ಬೆಸೆಯುವ ಟವರ್ ಲೈನ್ ಸ್ಥಳೀಯರ ವಿರೋಧದಿಂದ ಬಹುಕಾಲ ನನೆಗುದಿಗೆ ಬಿದ್ದಿತ್ತು. 2007ರಲ್ಲಿ ಐರೋಪ್ಯ ಆಯೋಗ ತನ್ನ ಮಾಜಿ ಸದಸ್ಯ, ಇಟಲಿಯ ಅರ್ಥಶಾಸ್ತ್ರಜ್ಞ ಮಾರಿಯೋ ಮಾಂಟಿ ಅವರನ್ನು ಸಂಯೋಜಕರನ್ನಾಗಿ ನೇಮಿಸಿತು. ಕೊನೆಗೆ ಎಲ್ಲರೂ ಒಪ್ಪಿದ್ದು ಭೂಗತ ಡಿ.ಸಿ. ಕೇಬಲನ್ನು. 2015ರಲ್ಲಿ ಅದು ಉದ್ಘಾಟನೆಯಾಯಿತು: ಸುಮಾರು 65 ಕಿಲೋಮೀಟರ್ ಉದ್ದ, ಅದರಲ್ಲಿ ಎಂಟೂವರೆ ಕಿಲೋಮೀಟರ್ ಸುರಂಗ, 2,000 ಮೆಗಾವ್ಯಾಟ್ ಸಾಮರ್ಥ್ಯ, ವೆಚ್ಚ ಸುಮಾರು 70 ಕೋಟಿ ಯೂರೊ. ಎರಡೂ ತುದಿಗಳಲ್ಲಿ ಎ.ಸಿ.ಯನ್ನು ಡಿ.ಸಿ. ಮಾಡುವ, ಡಿ.ಸಿ.ಯನ್ನು ಮತ್ತೆ ಎ.ಸಿ. ಮಾಡುವ ದೊಡ್ಡ ಪರಿವರ್ತನಾ ಕೇಂದ್ರಗಳು ಬೇಕಾದವು. ನಡುದಾರಿಯ ಊರುಗಳಿಗೆ ಕವಲು ಕೊಡುವುದು ಇಂಥ ಮಾರ್ಗದಲ್ಲಿ ಸುಲಭವಲ್ಲ.

ಹೂತ ಮಾತ್ರಕ್ಕೆ ನೆಲಕ್ಕೆ ನೋವಿಲ್ಲ ಎಂದುಕೊಳ್ಳಬೇಡಿ. ಕಂದಕದ ಮೇಲೆ ಆಳಕ್ಕೆ ಬೇರು ಬಿಡುವ ಮರಗಳನ್ನು ಬೆಳೆಸುವಂತಿಲ್ಲ, ಮನೆ ಕಟ್ಟುವಂತಿಲ್ಲ. ಮೇಲಿನ ಲೈನಿಗೆ ಸಿಡಿಲು ಬಡಿದರೆ ಹೆಚ್ಚಿನ ಸಲ ಸೆಕೆಂಡಿನೊಳಗೆ ಅದು ತಾನಾಗಿ ಮತ್ತೆ ಚಾಲೂ ಆಗುತ್ತದೆ. ಕೇಬಲ್ ಕೆಟ್ಟರೆ ಅಗೆದು ಹುಡುಕಿ ಜೋಡಿಸಲು ವಾರಗಳು ಹಿಡಿಯುತ್ತವೆ. ಆದ್ದರಿಂದ ನನ್ನ ಸಲಹೆ ಇದು: ಇಡೀ ಲೈನ್ ಹೂಳಿ ಎಂದು ಹಟ ಹಿಡಿಯುವ ಬದಲು ಶಾಲೆಯ ಬಳಿಯ, ಕೆರೆಯ ಬಳಿಯ ಇಷ್ಟು ಕಿಲೋಮೀಟರ್ ಹೂಳಿ ಎಂದು ಕಾರಣ ಸಮೇತ ಕೇಳಿ. ಗೆಲ್ಲುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ಮನೆ ಲೈನಿನಿಂದ 80 ಮೀಟರ್ ದೂರದಲ್ಲಿದೆ. ಚಿಕ್ಕ ಮಕ್ಕಳಿದ್ದಾರೆ. ಭಯಪಡಬೇಕೇ?

ಉತ್ತರ: ಲೈನಿನ ಕೆಳಗೆ ಹಿಡಿದ ಟ್ಯೂಬ್‌ಲೈಟ್ ತಾನಾಗಿ ಮಿನುಗುವುದು, ಬೇಲಿ ಮುಟ್ಟಿದರೆ ಜುಮ್ಮೆನ್ನುವುದು ವಿದ್ಯುತ್ ಕ್ಷೇತ್ರದಿಂದ. ಮನೆಯ ಗೋಡೆ ಅದನ್ನು ಬಹುಮಟ್ಟಿಗೆ ತಡೆಯುತ್ತದೆ, ಬೇಲಿಗೆ ಅರ್ತಿಂಗ್ ಕೊಟ್ಟರೆ ಆಯಿತು. ಕಾಂತಕ್ಷೇತ್ರ ಗೋಡೆಗೆ ಜಗ್ಗುವುದಿಲ್ಲ, ಆದರೆ ದೂರ ಹೋದಂತೆ ಬೇಗ ಕುಗ್ಗುತ್ತದೆ. ಅಯಾನೀಕರಿಸದ ವಿಕಿರಣದಿಂದ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗ 2010ರಲ್ಲಿ ಜನಸಾಮಾನ್ಯರಿಗೆ ಸೂಚಿಸಿದ ಮಿತಿ, 50 ಹರ್ಟ್ಸ್‌ನಲ್ಲಿ, 200 ಮೈಕ್ರೋಟೆಸ್ಲಾ (ಕಾಂತಕ್ಷೇತ್ರವನ್ನು ಅಳೆಯುವ ಮಾನ). ಲೈನಿನ ಅಡಿಯಲ್ಲೇ ನಿಂತು ಅಳೆದರೂ ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ ಸಿಗುತ್ತದೆ.

ಆದರೂ ನಿಮ್ಮ ಆತಂಕ ಹುಸಿಯಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2002ರಲ್ಲಿ ಈ ಕಾಂತಕ್ಷೇತ್ರವನ್ನು ‘ಕ್ಯಾನ್ಸರ್‌ಕಾರಕ ಆಗಿರಬಹುದಾದವು’ ಎಂಬ ಗುಂಪಿಗೆ ಸೇರಿಸಿತು. ಸರಾಸರಿ 0.3ರಿಂದ 0.4 ಮೈಕ್ರೋಟೆಸ್ಲಾಗಿಂತ ಹೆಚ್ಚು ಇರುವ ಮನೆಗಳ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಕೊಂಚ ಹೆಚ್ಚು ಕಂಡುಬಂದಿದೆ. ಕಾಂತಕ್ಷೇತ್ರವೇ ಅದಕ್ಕೆ ಕಾರಣವೆಂದು ಸಾಬೀತಾಗಿಲ್ಲ. ಸಾಬೀತಾಗಿಲ್ಲ ಎಂದು ಸುಮ್ಮನೆ ಕೂರುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಕಡಿಮೆ ಮಾಡುವ ಅಗ್ಗದ ದಾರಿಯಿದೆ. ಒಂದೇ ಟವರಿನ ಎರಡು ಬದಿಗೆ ಎರಡು ಸರ್ಕ್ಯೂಟ್ (ಮೂರು ಫೇಸ್ ತಂತಿಗಳ ಒಂದೊಂದು ಗುಂಪು) ಇದ್ದರೆ, ಒಂದು ಬದಿಯಲ್ಲಿ ಮೂರು ಫೇಸ್‌ಗಳು ಮೇಲಿನಿಂದ ಕೆಳಕ್ಕೆ ಇರುವ ಕ್ರಮವನ್ನು ಇನ್ನೊಂದು ಬದಿಯಲ್ಲಿ ತಲೆಕೆಳಗು ಮಾಡಬೇಕು. ಎರಡರಲ್ಲೂ ವಿದ್ಯುತ್ ಒಂದೇ ದಿಕ್ಕಿಗೆ ಹರಿಯುವಾಗ ಅವುಗಳ ಕಾಂತಕ್ಷೇತ್ರಗಳು ಪರಸ್ಪರ ಅಳಿಸಿಕೊಳ್ಳುತ್ತವೆ. ವಿನ್ಯಾಸದ ಹಂತದಲ್ಲಿ ಇದಕ್ಕೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಫೇಸ್ ಕ್ರಮ ಯಾವುದು, ನಮ್ಮ ಮನೆಯ ಬಳಿ ಎಷ್ಟು ಮೈಕ್ರೋಟೆಸ್ಲಾ ಬರುತ್ತದೆ ಎಂದು ಲಿಖಿತ ಉತ್ತರ ಕೇಳಿ.

ಪ್ರಶ್ನೆ: ಸೌರ ಘಟಕ ಎರಡು ವರ್ಷದಲ್ಲಿ ಎದ್ದು ನಿಲ್ಲುತ್ತದೆ, ಅದರ ಲೈನಿಗೆ ಹತ್ತು ವರ್ಷ. ಅಹವಾಲು ಸಭೆಗಳನ್ನು ಮೊಟಕುಗೊಳಿಸಬಾರದೇ?

ಉತ್ತರ: ನಿಮ್ಮ ಅಸಹನೆ ನನಗೆ ಅರ್ಥವಾಗುತ್ತದೆ. ಅಮೆರಿಕದ ನ್ಯೂ ಮೆಕ್ಸಿಕೊದಿಂದ ಅರಿಝೋನಾಕ್ಕೆ ಗಾಳಿ ವಿದ್ಯುತ್ ಒಯ್ಯುವ ಸನ್‌ಜಿಯಾ ಲೈನಿನ ಕೆಲಸ 2006ರಲ್ಲಿ ಕಾಗದದ ಮೇಲೆ ಆರಂಭವಾಗಿ, ನೆಲದ ಮೇಲೆ ಶುರುವಾದದ್ದು 2023ರಲ್ಲಿ. ಸೇನೆಯ ಕ್ಷಿಪಣಿ ಪರೀಕ್ಷಾ ವಲಯದ ಆಕ್ಷೇಪಕ್ಕಾಗಿ, 2015ರಲ್ಲಿ ಒಪ್ಪಿಗೆ ಸಿಕ್ಕ ಬಳಿಕವೂ ಮಾರ್ಗ ಬದಲಾಯಿತು. ಜರ್ಮನಿಯ ಉತ್ತರದಿಂದ ದಕ್ಷಿಣಕ್ಕೆ ಹೋಗುವ ಸುಮಾರು 700 ಕಿಲೋಮೀಟರಿನ ಜ್ಯೂಡ್‌ಲಿಂಕ್ 2022ಕ್ಕೆ ಮುಗಿಯಬೇಕಿತ್ತು. ಟವರುಗಳಿಗೆ ವಿರೋಧ ಎದ್ದು 2015ರ ಕೊನೆಯಲ್ಲಿ ಕಾನೂನು ಭೂಗತ ಕೇಬಲಿಗೆ ಆದ್ಯತೆ ಕೊಟ್ಟಿತು, ಮಾರ್ಗದ ಹುಡುಕಾಟ ಮೊದಲಿನಿಂದ ಶುರುವಾಯಿತು, ಗುರಿ 2028ಕ್ಕೆ ಜಾರಿತು.

ಎರಡೂ ಕಡೆ ಕಾಲವನ್ನು ತಿಂದದ್ದು ಮಾತು ಕೇಳಿದ್ದಲ್ಲ, ತಡವಾಗಿ ಕೇಳಿದ್ದು ಎಂದು ನಾನು ನಂಬುತ್ತೇನೆ. ಪರಿಸರದ ತೀರ್ಮಾನಗಳಲ್ಲಿ ಜನರ ಪಾಲ್ಗೊಳ್ಳುವಿಕೆ ಕುರಿತ 1998ರ ಆರ್ಹಸ್ ಒಡಂಬಡಿಕೆ ಎಲ್ಲ ಆಯ್ಕೆಗಳೂ ತೆರೆದಿರುವಾಗಲೇ ಜನರನ್ನು ಒಳಗೊಳ್ಳಬೇಕು ಎನ್ನುತ್ತದೆ. ಮೊಟಕುಗೊಳಿಸಬೇಕಾದುದು ಕಚೇರಿಗಳ ನಡುವಿನ ಕಡತದ ಅಲೆದಾಟವನ್ನು: ಅರಣ್ಯ, ರಸ್ತೆ, ರೈಲು, ವಿಮಾನಯಾನದ ಒಪ್ಪಿಗೆಗಳು ಒಂದರ ಹಿಂದೆ ಒಂದು ಸರದಿ ನಿಲ್ಲದೆ ಒಟ್ಟಿಗೆ ನಡೆಯಬೇಕು. ಐರೋಪ್ಯ ಒಕ್ಕೂಟ 2013ರಲ್ಲಿ ತನ್ನ ಆದ್ಯತೆಯ ಯೋಜನೆಗಳಿಗೆ ಮೂರೂವರೆ ವರ್ಷದ ಗಡುವು ಹಾಕಿದ್ದು ಈ ಉದ್ದೇಶದಿಂದಲೇ.

ಅವಸರಿಸಲಾಗದ ಕೆಲಸವೂ ಒಂದಿದೆ, ಪಕ್ಷಿ ಸಮೀಕ್ಷೆ. ವಲಸೆಯ ಹಕ್ಕಿಗಳು ಎಲ್ಲಿ ಇಳಿಯುತ್ತವೆ, ಮುಂಜಾನೆಯ ಮಂಜಿನಲ್ಲಿ ಎಷ್ಟು ಎತ್ತರದಲ್ಲಿ ಹಾರುತ್ತವೆ ಎಂದು ತಿಳಿಯಲು ಎಲ್ಲ ಋತುಗಳೂ ಕಳೆಯಬೇಕು. ಅವು ಹೆಚ್ಚಾಗಿ ಬಡಿದುಕೊಳ್ಳುವುದು ದಪ್ಪ ತಂತಿಗಳಿಗಲ್ಲ, ಟವರಿನ ತುದಿಯಲ್ಲಿ ಸಿಡಿಲಿಗಾಗಿ ಎಳೆದಿರುವ, ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಭೂತಂತಿಗೆ. ಅದಕ್ಕೆ ಗುರುತುಗಳನ್ನು ತೂಗುಹಾಕಿದರೆ ಸಾವು ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಜೌಗು ನೆಲವನ್ನು ಬಿಟ್ಟು ದೂರ ಹೋಗುವುದೇ ಸರಿಯಾದ ಪರಿಹಾರ, ಮತ್ತು ಅದು ನಕ್ಷೆಯಲ್ಲಿ ಇನ್ನೂ ಎರಡು ಮೂರು ಪಟ್ಟಿಗಳು ಇರುವಾಗ ಮಾತ್ರ ಸಾಧ್ಯ.