ಯುಬಿ40 ತಂಡದ ‘ಲೇಬರ್ ಆಫ್ ಲವ್’ ಪೂರ್ತಿ ಕೇಳುವಂಥ ಆಲ್ಬಂ ಹೌದೇ?

‘ರೆಡ್ ರೆಡ್ ವೈನ್’ ಹಾಡಿಗೆ ಮನಸೋತಿದ್ದೀರಿ. ಆದರೆ ಅದಿರುವ ಆಲ್ಬಂ ಅನ್ನು ಕೆಲವರು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ, ಇನ್ನು ಕೆಲವರು ಅದು ಜಮೈಕಾದಲ್ಲಿ ಹುಟ್ಟಿದ ರೆಗ್ಗೆ ಸಂಗೀತವೇ ಅಲ್ಲ ಎನ್ನುತ್ತಾರೆ, ಯಾರ ಮಾತು ನಂಬಲಿ ಎಂದು ಕೇಳಿದ್ದೀರಿ. ಹತ್ತೂ ಹಾಡುಗಳನ್ನು ಕೇಳಿ. ಮೊಬೈಲಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ನಾನು ಹಾಗೆ ಕೇಳಿಯೇ ಇದನ್ನು ಬಹಳ ಕಾಲ ಬರೀ ಸಿಹಿ ಸಂಗೀತ ಎಂದುಕೊಂಡಿದ್ದೆ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡ ದಿನ ಕೆಳಗಿನಿಂದ ಬಾಸ್ ಗಿಟಾರಿನ ತಗ್ಗಿನ ದನಿ ಎದ್ದು ಬಂತು. ರೆಗ್ಗೆಯಲ್ಲಿ ಹಾಡನ್ನು ನಡೆಸುವುದೇ ಬಾಸ್. ಗಿಟಾರ್ ತಾಳದ ಪೆಟ್ಟಿನ ಮೇಲೆ ಬೀಳದೆ ಪೆಟ್ಟುಗಳ ನಡುವಿನ ಸಂದಿಯಲ್ಲಿ ಚಕ್ ಎಂದು ಮಿಡಿಯುತ್ತದೆ. ಆ ಎರಡನ್ನೂ ಹಿಡಿದುಕೊಂಡು ಕೇಳಿದರೆ ‘ಇದು ರೆಗ್ಗೆ ಅಲ್ಲ’ ಎಂಬ ಮಾತು ನಿಲ್ಲುವುದಿಲ್ಲ.

ಬೇಸರಗೊಂಡವರ ನೋವು ನನಗೆ ಅರ್ಥವಾಗುತ್ತದೆ. ಯುಬಿ40ಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಹುಡುಗರು, ಕರಿಯರು ಬಿಳಿಯರು ಸೇರಿ ಕಟ್ಟಿದ ತಂಡ. ನಿರುದ್ಯೋಗ ಭತ್ಯೆಯ ಸರ್ಕಾರಿ ನಮೂನೆಯ ಸಂಖ್ಯೆಯನ್ನೇ ಹೆಸರಾಗಿಟ್ಟುಕೊಂಡವರು. 1980ರ ಮೊದಲ ಆಲ್ಬಂ ‘ಸೈನಿಂಗ್ ಆಫ್’ನಲ್ಲಿ ಹಸಿವು, ವರ್ಣಭೇದದ ಬಗ್ಗೆ ಹಾಡಿದ್ದವರು 1983ರಲ್ಲಿ ಈ ಆಲ್ಬಮ್ಮಿಗೆ ಬೇರೆಯವರ ಹಳೆಯ ಹಾಡುಗಳನ್ನು ಎತ್ತಿಕೊಂಡಾಗ, ಅವುಗಳಲ್ಲೂ ಪ್ರೇಮಗೀತೆಗಳೇ ಹೆಚ್ಚಿದ್ದಾಗ, ಕೈಬಿಟ್ಟು ಹೋದರು ಎಂದು ಅನ್ನಿಸದೆ ಇರುತ್ತದೆಯೇ?

ಆದರೂ ನಾನು ಒಪ್ಪುವುದಿಲ್ಲ. ಇವು ಆ ಹುಡುಗರು ಬೆಳೆಯುತ್ತಾ ಕೇಳಿದ ಹಾಡುಗಳು. ಜಮೈಕಾದಿಂದ ಬಂದು ನೆಲೆಸಿದ ಕುಟುಂಬಗಳ ನೆರೆಯಲ್ಲಿ ಕಿವಿಗೆ ಬಿದ್ದು ಉಳಿದವು. ಆ ಋಣವನ್ನು ಅವರು ಹೆಸರು ಹೇಳಿಯೇ ತೀರಿಸಿದ್ದಾರೆ.

‘ರೆಡ್ ರೆಡ್ ವೈನ್’ ಕಥೆಯನ್ನೇ ನೋಡಿ. ಬರೆದವರು ಅಮೆರಿಕದ ನೀಲ್ ಡೈಮಂಡ್. 1967ರಲ್ಲಿ ಅವರು ಹಾಡಿದ್ದು ನಿಧಾನದ, ಭಾರವಾದ ದುಃಖದ ಹಾಡು. 1969ರಲ್ಲಿ ಜಮೈಕಾದ ಟೋನಿ ಟ್ರೈಬ್ ಅದಕ್ಕೆ ಕುಣಿತ ಕೊಟ್ಟರು. ಯುಬಿ40 ಕೇಳಿದ್ದು ಅದನ್ನು. ರೆಕಾರ್ಡಿನ ಮೇಲೆ ‘ಎನ್. ಡೈಮಂಡ್’ ಎಂದಿದ್ದನ್ನು ಕಂಡು ಯಾರೋ ಜಮೈಕಾದವರೇ ಇರಬೇಕೆಂದು ಅವರು ಭಾವಿಸಿದ್ದರು. ಆಲ್ಬಮ್ಮಿನಲ್ಲಿರುವ ಹಾಡಿನ ಕೊನೆಯತ್ತ ತಂಡದ ಆಸ್ಟ್ರೋ ಅವರ ದನಿ ಬಂದು, ಲಯದ ಮೇಲೆ ಮಾತು ಹೊಸೆಯುವ ಜಮೈಕಾದ ‘ಟೋಸ್ಟಿಂಗ್’ ಶುರುವಾಗುತ್ತದೆ. ಮುಖ್ಯ ಗಾಯಕ ಅಲಿ ಕ್ಯಾಂಪ್‌ಬೆಲ್ ಅದುವರೆಗೆ ಅಳುತ್ತಿದ್ದ ಕುಡುಕನ ದನಿಯಾಗಿದ್ದರೆ, ಅಲ್ಲಿಂದ ಪಕ್ಕದ ಮೇಜಿನ ಗೆಳೆಯ ನಗುತ್ತಾ ಸೇರಿಕೊಂಡಂತೆ ಆಗುತ್ತದೆ. ಇಡೀ ಆಲ್ಬಮ್ಮಿನಲ್ಲಿ ನನಗೆ ಅತಿ ಪ್ರಿಯವಾದ ಗಳಿಗೆ ಅದು. ಬ್ರಿಟನ್ನಿನಲ್ಲಿ 1983ರಲ್ಲೇ ಮೊದಲ ಸ್ಥಾನಕ್ಕೇರಿದ ಹಾಡು ಅಮೆರಿಕದಲ್ಲಿ ಅಲ್ಲಿಗೆ ತಲುಪಿದ್ದು 1988ರಲ್ಲಿ. ಮುಂದೆ ನೀಲ್ ಡೈಮಂಡ್ ತಾವೇ ಸಂಗೀತ ಕಛೇರಿಗಳಲ್ಲಿ ಇದನ್ನು ರೆಗ್ಗೆ ಧಾಟಿಯಲ್ಲಿ ಹಾಡತೊಡಗಿದರು!

ಎಲ್ಲವೂ ಮೂಲವನ್ನು ಮೀರಿಸಿವೆ ಎಂದು ಹೇಳಲಾರೆ. ‘ಚೆರಿ ಓ ಬೇಬಿ’ಯನ್ನು ಎರಿಕ್ ಡೊನಾಲ್ಡ್‌ಸನ್ 1971ರಲ್ಲಿ ಹಾಡಿ ಜಮೈಕಾದ ಫೆಸ್ಟಿವಲ್ ಹಾಡಿನ ಸ್ಪರ್ಧೆ ಗೆದ್ದಿದ್ದರು. ಆ ಎತ್ತರದ ದನಿಯ ತವಕ ಇಲ್ಲಿ ನಯವಾಗಿ ಸವೆದುಹೋಗಿದೆ. ‘ಜಾನಿ ಟೂ ಬ್ಯಾಡ್’ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ನಡೆಯುವವನ ಹಾಡು. ಮೂಲದಲ್ಲಿ ಜಮೈಕಾದ ಸ್ಲಿಕರ್ಸ್ ತಂಡ ಹಾಡಿದ್ದರಲ್ಲಿ ಹುಟ್ಟುವ ಭಯ ಇಲ್ಲಿ ಅಷ್ಟಾಗಿ ಹುಟ್ಟುವುದಿಲ್ಲ. ಮೂಲ ಹಾಡುಗಳನ್ನು ಪ್ರೀತಿಸುವವರು ಈ ಆಲ್ಬಂ ಬಗ್ಗೆ ಗೊಣಗಿದರೆ ಅದಕ್ಕೆ ಕಾರಣವಿದೆ. ಆದರೆ ಆ ಮೂಲಗಳನ್ನು ನಾನು ಹುಡುಕಿಕೊಂಡು ಹೋದದ್ದು ಈ ಆಲ್ಬಂ ಕೇಳಿದ ಮೇಲೆಯೇ.

ಕೊನೆಯ ಹಾಡು ‘ಮೆನಿ ರಿವರ್ಸ್ ಟು ಕ್ರಾಸ್’. ರಾತ್ರಿ ದೀಪ ಆರಿಸಿ ಅದನ್ನು ಕೇಳಿ, ಮುಗಿದ ಕೂಡಲೇ ಅದರ ಮೂಲ ಗಾಯಕ, ಜಮೈಕಾದ ಜಿಮ್ಮಿ ಕ್ಲಿಫ್ 1969ರಲ್ಲಿ ಹಾಡಿದ್ದನ್ನೂ ಹಾಕಿ. ಯಾವುದು ನಿಮ್ಮನ್ನು ಹೆಚ್ಚು ಹಿಡಿದಿಟ್ಟಿತೆಂದು ಇಲ್ಲಿಯೇ ಬರೆಯಿರಿ, ಕಾಯುತ್ತಿರುತ್ತೇನೆ.