ತರಬೇತಿಯಲ್ಲಿರುವ ಶಿಕ್ಷಕರ ಹಳೆಯ ಕಲಿಕೆಯ ಅನುಭವ ಅವರ ವೃತ್ತಿಜ್ಞಾನವನ್ನು ಹೇಗೆ ರೂಪಿಸುತ್ತದೆ?

ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ತರಬೇತಿಗೆ ಸೇರುವ ಮೊದಲೇ ಅವರು ವರ್ಷಗಟ್ಟಲೆ ಮೇಷ್ಟ್ರುಗಳನ್ನು ನೋಡಿರುತ್ತಾರೆ. ಶಾಲೆ ಮುಗಿಯುವಷ್ಟರಲ್ಲಿ ಸುಮಾರು 13,000 ಗಂಟೆ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲೋರ್ಟಿ 1975ರಲ್ಲಿ ಬರೆದರು.

ತೊಡಕೆಂದರೆ, ಬೆಂಚಿನಲ್ಲಿ ಕೂತವರಿಗೆ ಕಾಣುವುದು ಪಾಠದ ಹೊರಮೈ ಮಾತ್ರ. ಆ ಉದಾಹರಣೆಯನ್ನೇ ಯಾಕೆ ಆರಿಸಿದರು, ಯಾವ ತಪ್ಪನ್ನು ಬೇಕೆಂದೇ ತಿದ್ದದೆ ಬಿಟ್ಟರು, ಇದೆಲ್ಲ ಕಾಣುವುದಿಲ್ಲ. ಹಾಗಾಗಿ ತರಗತಿ ಕೈಮೀರಿದಾಗ, ಓದಿದ ವಿಧಾನ ಬಿಟ್ಟು ತಮಗೆ ಕಲಿಸಿದವರ ಹಾಗೇ ಕಲಿಸಿಬಿಡುತ್ತಾರೆ.

ಕಷ್ಟಪಟ್ಟು ಕಲಿತದ್ದೂ ಬಂಡವಾಳವೇ. ಭಿನ್ನರಾಶಿಯಲ್ಲಿ ಒದ್ದಾಡಿದವರಿಗೆ ಮಗು ಎಲ್ಲಿ ಎಡವುತ್ತದೆ ಎಂದು ಬೇಗ ಹೊಳೆಯಬಹುದು, ಅಲ್ವಾ? ಆದರೆ ನೆನಪು ಸುಮ್ನೆ ಜ್ಞಾನವಾಗುವುದಿಲ್ಲ. ಅದನ್ನು ಬರೆದು, ಬೇರೆಯವರ ಅನುಭವದ ಪಕ್ಕ ಇಟ್ಟು ಪ್ರಶ್ನಿಸಬೇಕು. ತರಬೇತಿಯ ಮೊದಲ ವಾರವೇ ಇದು ಶುರುವಾಗಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ.