ಬಡಿಯುವ ಹೃದಯವೆಲ್ಲ ಕಸಿಗೆ ಒದಗುವುದೇ?

ಗಂಗಾವತಿಯ ಓದುಗರೊಬ್ಬರು ಬರೆದಿದ್ದಾರೆ: ಬೈಕ್ ಅಪಘಾತದಲ್ಲಿ ಮಿದುಳು ನಿಷ್ಕ್ರಿಯಗೊಂಡ ಸಂಬಂಧಿಯ ಅಂಗದಾನಕ್ಕೆ ಮನೆಯವರು ಒಪ್ಪಿದರು, ಮೂತ್ರಪಿಂಡ, ಯಕೃತ್ತು, ಕಣ್ಣುಗಳನ್ನು ಪಡೆದ ವೈದ್ಯರು ಹೃದಯ ಮಾತ್ರ ಬೇಡವೆಂದರು. ಮೂವತ್ತೂ ದಾಟದ, ಭತ್ತದ ಗದ್ದೆಯಲ್ಲಿ ದುಡಿದು ಗಟ್ಟಿಮುಟ್ಟಾಗಿದ್ದವನ ಹೃದಯ ಮಾನಿಟರ್‌ನಲ್ಲಿ ಬಡಿಯುತ್ತಲೇ ಇತ್ತಲ್ಲ, ನಮ್ಮಿಂದ ಏನನ್ನಾದರೂ ಮುಚ್ಚಿಟ್ಟರೇ ಎಂಬುದು ಅವರ ಪ್ರಶ್ನೆ.

ಸಂಪಾದಕರ ಉತ್ತರ: ನಿಮ್ಮ ಅನುಮಾನ ಸಹಜವಾದದ್ದೇ. ಆದರೆ ಹೃದಯ ಬಡಿಯುತ್ತಿದೆ ಎಂಬುದಕ್ಕೂ ಅದು ಇನ್ನೊಂದು ದೇಹದ ಭಾರ ಹೊರಬಲ್ಲದು ಎಂಬುದಕ್ಕೂ ಬಹಳ ಅಂತರವಿದೆ. ಮಿದುಳು ಬಾತು ಅದರ ಕಾಂಡ ನಿಷ್ಕ್ರಿಯವಾಗುವ ಹೊತ್ತಿನಲ್ಲಿ ಅಡ್ರಿನಲಿನ್‌ನಂಥ ರಾಸಾಯನಿಕಗಳು ಒಮ್ಮೆಲೇ ರಕ್ತಕ್ಕೆ ನುಗ್ಗುತ್ತವೆ. ಆ ಆಘಾತಕ್ಕೆ ಎಷ್ಟೇ ಎಳೆಯ ಹೃದಯವಾದರೂ ಅದರ ಸ್ನಾಯು ಮಂಕಾಗಬಹುದು. ಬೈಕ್ ಅಪಘಾತದಲ್ಲಿ ಎದೆಗೆ ಬಿದ್ದ ಪೆಟ್ಟು ಹೃದಯವನ್ನೇ ಜಜ್ಜಿರುವ ಸಾಧ್ಯತೆಯೂ ಉಂಟು. ಹೊರಗಿನಿಂದ ಇವೆರಡೂ ಕಾಣುವುದಿಲ್ಲ.

ಆದ್ದರಿಂದ ಮೊದಲು ಎಕೋ ಪರೀಕ್ಷೆ, ಅಂದರೆ ಹೃದಯದ ಅಲ್ಟ್ರಾಸೌಂಡ್, ಮಾಡುತ್ತಾರೆ. ದೇಹಕ್ಕೆ ರಕ್ತ ತಳ್ಳುವ ಕೋಣೆಯಾದ ಎಡ ಹೃತ್ಕುಕ್ಷಿ ಪ್ರತಿ ಬಡಿತಕ್ಕೆ ತನ್ನಲ್ಲಿರುವ ರಕ್ತದ ಸುಮಾರು ಶೇಕಡಾ 50ರಷ್ಟನ್ನಾದರೂ ಹೊರದೂಡುತ್ತಿದೆಯೇ, ಗೋಡೆ ದಪ್ಪಗಾಗಿದೆಯೇ, ಕವಾಟಗಳು ಸರಿಯಿವೆಯೇ ಎಂದು ನೋಡುತ್ತಾರೆ. ರಕ್ತದೊತ್ತಡವನ್ನು ಹಿಡಿದು ನಿಲ್ಲಿಸಲು ಎಷ್ಟು ಔಷಧ ಬೇಕಾಗುತ್ತಿದೆ ಎಂಬುದೂ ಅಷ್ಟೇ ಮುಖ್ಯ. ಮಾನಿಟರ್‌ನಲ್ಲಿ ನಿಮಗೆ ಸರಿಯಾಗಿಯೇ ಕಂಡ ಅಂಕಿ ಔಷಧದ ಬಲದಿಂದ ನಿಂತಿದ್ದಿರಬಹುದು. ದಾನಿಗೆ ನಲವತ್ತು ದಾಟಿದ್ದರೆ ಅಥವಾ ಸಕ್ಕರೆ ಕಾಯಿಲೆ, ಧೂಮಪಾನದ ಹಿನ್ನೆಲೆಯಿದ್ದರೆ ಹೃದಯದ ರಕ್ತನಾಳಗಳನ್ನು ತೋರಿಸುವ ಆಂಜಿಯೋಗ್ರಾಮ್ ಕೂಡ ಬೇಕಾಗಬಹುದು. ಇಷ್ಟೆಲ್ಲ ಆದ ಮೇಲೂ ಶಸ್ತ್ರಚಿಕಿತ್ಸಕರು ಎದೆ ತೆರೆದು, ಹೃದಯದ ಚಲನೆಯನ್ನು ಕಣ್ಣಾರೆ ಕಂಡು, ರಕ್ತನಾಳಗಳು ಗಡುಸಾಗಿವೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ, ಆಗಲೂ ಬೇಡವೆನ್ನಬಹುದು.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಮಂಕಾದ ಹೃದಯ ಅನೇಕ ವೇಳೆ ಚೇತರಿಸಿಕೊಳ್ಳುತ್ತದೆ. ದ್ರವದ ಪ್ರಮಾಣವನ್ನು ಸರಿಪಡಿಸಿ, ಅಗತ್ಯವೆನಿಸಿದರೆ ಹಾರ್ಮೋನು ಕೊಟ್ಟು, ಕೆಲವು ಗಂಟೆಗಳ ಬಳಿಕ ಮತ್ತೆ ಎಕೋ ಮಾಡಿದಾಗ ಚಿತ್ರವೇ ಬದಲಾಗಿರಬಹುದು. ಹಾಗಾಗಿ ಮೊದಲ ಎಕೋ ಒಂದನ್ನೇ ನಂಬಿ ಎಳೆಯ ಹೃದಯವನ್ನು ಕೈಬಿಡುವುದು ಆತುರವೆಂದೇ ನಮ್ಮ ಅಭಿಪ್ರಾಯ. ಎರಡನೆಯ ಬಾರಿ ಪರೀಕ್ಷಿಸಿದರೇ ಎಂದು ಕೇಳಲು ಕುಟುಂಬದವರು ಸಂಕೋಚಪಡಬೇಕಿಲ್ಲ.

ಇನ್ನು ನಮ್ಮ ಭಾಗದ ತೊಡಕು. ದೇಹದಿಂದ ತೆಗೆದು ಮಂಜುಗಡ್ಡೆಯಲ್ಲಿಟ್ಟ ಹೃದಯಕ್ಕೆ ಸಾಮಾನ್ಯವಾಗಿ 4 ಗಂಟೆಗಳ ಗಡುವು. ಮೂತ್ರಪಿಂಡ ಅದಕ್ಕಿಂತ ಬಹಳ ಹೆಚ್ಚು ಹೊತ್ತು ತಡೆಯುತ್ತದೆ. ಕೊಪ್ಪಳದಿಂದಾಗಲಿ ಬಳ್ಳಾರಿಯಿಂದಾಗಲಿ ಬೆಂಗಳೂರು 300 ಕಿ.ಮೀ.ಗೂ ಹೆಚ್ಚು ದೂರವಿರುವುದರಿಂದ ಸಂಚಾರ ತಡೆದು ಆಂಬುಲೆನ್ಸ್‌ಗೆ ಹಸಿರು ಪಥ ಮಾಡಿಕೊಟ್ಟರೂ ಗಡುವಿನ ಬಹುಪಾಲು ರಸ್ತೆಯಲ್ಲೇ ತೀರುತ್ತದೆ, ಹೃದಯವನ್ನು ಜೋಡಿಸುವ ಹೊತ್ತೂ ಆ ಲೆಕ್ಕದಲ್ಲೇ ಸೇರುತ್ತದೆ. ವಿಮಾನ ಸಿಗದಿದ್ದರೆ, ಅಥವಾ ರಕ್ತದ ಗುಂಪೂ ದೇಹದ ಗಾತ್ರವೂ ಹೊಂದುವ ರೋಗಿ ಆ ರಾತ್ರಿ ಪಟ್ಟಿಯಲ್ಲಿ ಇರದಿದ್ದರೆ, ದೋಷವಿಲ್ಲದ ಹೃದಯವೂ ಬಳಕೆಯಾಗದೆ ಉಳಿದುಬಿಡುತ್ತದೆ. ಹೃದಯವನ್ನು ಬೆಚ್ಚಗಿಟ್ಟು, ರಕ್ತ ಹರಿಸಿ, ಬಡಿಯುತ್ತಿರುವಂತೆಯೇ ಸಾಗಿಸುವ ಯಂತ್ರಗಳಿವೆ. ದಾರಿಯಲ್ಲೇ, ಸ್ನಾಯು ಬಳಲಿದಾಗ ಹೆಚ್ಚುವ ಲ್ಯಾಕ್ಟೇಟ್ ಎಂಬ ರಾಸಾಯನಿಕವನ್ನು ಅಳೆದು ಅದರ ಸ್ಥಿತಿಯನ್ನು ತಿಳಿಯಬಹುದು. ಆದರೆ ಅವು ಬಲು ದುಬಾರಿ.

ಕಸಿಗೆ ಒದಗದ ಹೃದಯದ ಕವಾಟಗಳನ್ನು ಪ್ರತ್ಯೇಕವಾಗಿ ದಾನ ಮಾಡುವ ಅವಕಾಶವಿದೆ ಎಂಬುದು ಅನೇಕರಿಗೆ ತಿಳಿದಿಲ್ಲ. ನನ್ನ ಅಂಗದಾನದ ಪ್ರತಿಜ್ಞಾ ಪತ್ರದಲ್ಲಿ ಇನ್ನು ಹೃದಯದ ಹೆಸರನ್ನು ಹೊಡೆದುಹಾಕಲೇ ಎಂದೂ ಕೇಳಿದ್ದೀರಿ. ಬೇಡ, ಹಾಗೆಯೇ ಇರಲಿ, ಮತ್ತು ಅದನ್ನು ಮನೆಯವರಿಗೂ ತಿಳಿಸಿಡಿ, ಏಕೆಂದರೆ ಆ ಹೊತ್ತಿನಲ್ಲಿ ಸಹಿ ಹಾಕಬೇಕಾದವರು ಅವರೇ.